ಶೋಕವೂ ಆಟದ ಬಯಲೂ

ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕಮಂಡಲಿಯವರು ಅಪ್ಪಣೆ ಮಾಡಿದುದು ನಮ್ಮಲ್ಲೊಬ್ಬಳಿಗೆ; ಬರೆಯುತ್ತಿರುವವರು ಇಬ್ಬರು. ನಾವು ಒಡಹುಟ್ಟಿದ ಅಕ್ಕತಂಗಿಯರು. ಈ ಪಾಠಶಾಲೆಯ ಒಂದೇ ಬಾಗಿಲಿನಿಂದ ಒಳಗೆ ಬಂದು, ಎರಡು ವರ್ಷಗಳ ಅಂತರದಲ್ಲಿ ಅದೇ ಬಾಗಿಲಿನಿಂದ ಹೊರಗೆ ಹೋದವರು. ಎತ್ತಿಕೊಂಡಿರುವ ವಿಷಯವು ಒಬ್ಬಳೇ ಹೇಳಿದರೆ ಇನ್ನೊಬ್ಬಳಿಗೆ ಅನ್ಯಾಯವಾಗತಕ್ಕಂಥದು. ಆದುದರಿಂದ ಕೂಡಿ ಬರೆಯಬೇಕಾಯಿತು. ಮುಂದೆ "ನಾವು" ಎಂದು ಬರುವಲ್ಲೆಲ್ಲ ಓದುವ ಸೋದರಿಯರು ಅದನ್ನು ಬರೆಯುವವರ ಬಿಂಕವೆಂದು ತಿಳಿಯಬಾರದು. ನಿಜವಾಗಿಯೂ ಇಬ್ಬರಿದ್ದೇವೆ, ಕೆಲವು ಸಂಗತಿಗಳಲ್ಲಂತೂ ನಮ್ಮ ಅಭಿಪ್ರಾಯ ಇನ್ನೂ ಒಂದಾಗಿಲ್ಲ.

ಇದಕ್ಕೆಲ್ಲ ಕಾರಣವಾದುದು ಒಂದು ಕಾದಂಬರಿ. ಬೇಸಗೆಯ ರಜೆಯಲ್ಲಿ ಊರಿಗೆ ಬಂದಿದ್ದ ನಮ್ಮಲ್ಲಿ ಕಿರಿಯಳ ಮಗಳು ತೆಳ್ಳನೆಯ ಇಂಗ್ಲಿಷ್ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, "ಅಮ್ಮ, ಇದನ್ನು ನೀನೊಬ್ಬಳೇ ಓದಬೇಡ, ದೊಡ್ಡಮ್ಮನೂ ನೀನೂ ಕೂತು ಓದಿ" ಎಂದು ಹೇಳಿ ಹೋದಳು. ಪುಸ್ತಕದ ಹೆಸರು "ವೆಸ್ಟರ್ನ್ ಲೇನ್". ಬರೆದವರು ಚೇತನಾ ಮಾರೂ ಎಂಬುವರು. ಕೀನ್ಯಾ ದೇಶದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಮಹಿಳೆ. 2023ರಲ್ಲಿ ಹೊರಬಂದ ಇದು ಅವರ ಮೊದಲನೆಯ ಕಾದಂಬರಿ; ಆ ವರ್ಷದ ಬುಕರ್ ಬಹುಮಾನಕ್ಕಾಗಿ ಆರಿಸಿದ ಕಡೆಯ ಆರು ಪುಸ್ತಕಗಳಲ್ಲಿ ಒಂದಾಗಿತ್ತು. ಮಗಳು ಓದೆಂದಳಲ್ಲದೆ ಏಕೆ ಓದಬೇಕೆಂದು ಹೇಳಿರಲಿಲ್ಲ. ನಾವು ಮಧ್ಯಾಹ್ನದ ಊಟವಾದ ಮೇಲೆ ಹಜಾರದಲ್ಲಿ ಕುಳಿತು, ಒಬ್ಬಳು ಗಟ್ಟಿಯಾಗಿ ಓದುವುದು, ಇನ್ನೊಬ್ಬಳು ಕೇಳುವುದು ಎಂದು ಗೊತ್ತುಮಾಡಿಕೊಂಡೆವು.

ಕಥೆ ಹೀಗಿದೆ. 1980ರ ದಶಕದ ಇಂಗ್ಲೆಂಡು. ಲಂಡನ್ನಿನ ಹೊರವಲಯದಲ್ಲಿ ಒಂದು ಗುಜರಾತಿ ಮನೆತನ. ತಾಯಿ ತೀರಿಕೊಂಡಿದ್ದಾಳೆ. ಉಳಿದವರು ತಂದೆ ಮತ್ತು ಮೂವರು ಹೆಣ್ಣುಮಕ್ಕಳು: ಮೋನಾ, ಖುಷ್, ಗೋಪಿ. ಕಥೆಯನ್ನು ಹೇಳುವವಳು ಎಲ್ಲರಿಗೂ ಕಿರಿಯಳಾದ ಗೋಪಿ. ಹನ್ನೊಂದು ವರ್ಷದ ಹುಡುಗಿ. ಮಕ್ಕಳು ಹದ್ದುಮೀರುತ್ತಿದ್ದಾರೆ, ಅವರಿಗೊಂದು ಶಿಸ್ತು ಬೇಕೆಂದು ನೆಂಟರು ಹೇಳಲು, ತಂದೆ ಮಕ್ಕಳನ್ನು ವೆಸ್ಟರ್ನ್ ಲೇನ್ ಎಂಬ ಕ್ರೀಡಾಕೇಂದ್ರಕ್ಕೆ ಕರೆದುಕೊಂಡುಹೋಗಿ ಸ್ಕ್ವಾಷ್ ಆಟದ ಕಠಿನವಾದ ಅಭ್ಯಾಸಕ್ಕೆ ಹಚ್ಚುತ್ತಾನೆ. ಇತರ ಇಬ್ಬರು ಹೆಣ್ಣುಮಕ್ಕಳಿಗೆ ಅದು ಅಷ್ಟಾಗಿ ಹಿಡಿಸದು. ಗೋಪಿಗೆ ಮಾತ್ರ ಆಟವೇ ಉಸಿರಾಗುತ್ತದೆ.

ಸ್ಕ್ವಾಷ್ ಎಂಬ ಆಟವನ್ನು ನಮ್ಮ ಓದುಗರಲ್ಲಿ ಬಹುಮಂದಿ ಕಂಡಿರಲಾರರು. ನಾವೂ ಓದಿ ತಿಳಿದವರೇ. ನಾಲ್ಕು ಕಡೆಯೂ ಗೋಡೆಯುಳ್ಳ ಒಂದು ಕೋಣೆ, ಅದರೊಳಗೆ ಇಬ್ಬರು. ಟೆನ್ನಿಸಿನಲ್ಲಿ ಆಡುವವರು ಬಲೆಯ ಆಚೆ ಈಚೆ ಎದುರುಬದುರಾಗಿ ನಿಲ್ಲುತ್ತಾರಷ್ಟೆ. ಇಲ್ಲಿ ಹಾಗಲ್ಲ, ಇಬ್ಬರೂ ಒಂದೇ ಕಡೆಗೆ ಮುಖಮಾಡಿ ಮುಂದಿನ ಗೋಡೆಗೆ ಸರದಿಯಂತೆ ಚೆಂಡನ್ನು ಹೊಡೆಯಬೇಕು. ಚೆಂಡು ಕಿರಿದು, ರಬ್ಬರಿನದು; ತಣ್ಣಗಿರುವಾಗ ಪುಟಿಯುವುದೇ ಇಲ್ಲವೆನ್ನಬಹುದು. ಹೊಡೆದು ಹೊಡೆದು ಬಿಸಿಯಾದ ಮೇಲೆಯೇ ಅದಕ್ಕೆ ಜೀವ ಬರುವುದು. ನೆಲದ ಮೇಲಿನ ಗೆರೆಗಳು ಕೂಡುವ ಸ್ಥಾನವೊಂದಕ್ಕೆ ಇಂಗ್ಲಿಷಿನ "ಟಿ" ಎಂಬ ಅಕ್ಷರದ ಹೆಸರು. ಚೆಂಡನ್ನು ಹೊಡೆದ ಕೂಡಲೆ ಆಡುವವರು ಅಲ್ಲಿಗೆ ಹಿಂದಿರುಗಬೇಕು. ಚೆಂಡೇ ಇಲ್ಲದೆ, ಇದೆಯೆಂದು ಭಾವಿಸಿಕೊಂಡು, ಮೂಲೆಮೂಲೆಗೂ ಓಡಿ ಬರಿಯ ಗಾಳಿಯನ್ನು ಹೊಡೆದು ಹಿಂದಿರುಗುವ ಅಭ್ಯಾಸವೊಂದುಂಟು. ಅದನ್ನು ಅವರು "ಘೋಸ್ಟಿಂಗ್" ಎನ್ನುತ್ತಾರೆ. ಪ್ರೇತದ ಆಟವೆಂದು ಕನ್ನಡಿಸಬಹುದೇನೊ. ತಾಯಿ ಸತ್ತ ಮನೆಯ ಮಗುವೊಂದು ದಿನವೂ ಆಡುವ ಆಟದಲ್ಲಿ ಇಂಥ ಮಾತೊಂದು ತಾನಾಗಿಯೇ ಇತ್ತು. ಗ್ರಂಥಕರ್ತರು ಅದನ್ನು ಎತ್ತಿ ತೋರಿಸಲು ಹೋಗದೆ, ಇದ್ದಲ್ಲಿಯೇ ಇರಗೊಡಿಸಿದ್ದಾರೆ.

ಪುಸ್ತಕವು ಆರಂಭವಾಗುವುದು ಒಂದು ಸದ್ದಿನಿಂದ. ಅಂಗಳದ ನಡುವೆ, ಆ "ಟಿ"ಯ ಮೇಲೆ, ಸುಮ್ಮನೆ ನಿಂತವಳಿಗೆ ಪಕ್ಕದ ಕೋಣೆಯಲ್ಲಿ ಯಾರೋ ಚೆಂಡು ಹೊಡೆಯುವುದು ಗೋಡೆಯ ಮೂಲಕ ಕೇಳಿಸುತ್ತದೆ. ಆ ಸದ್ದನ್ನು ಆಲಿಸುವುದೇ ಕಥೆಯ ಮೊದಲು. ಅಂದು ಓದುತ್ತಿದ್ದವಳು ಕಿರಿಯಳು. ಒಂದು ಪುಟವೂ ಪೂರ್ತಿಯಾಗಿರಲಿಲ್ಲ. ಹಿರಿಯಳು, "ಸಾಕು, ನಿಲ್ಲಿಸು" ಎಂದಳು. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದಳು. ನಲವತ್ತು ವರ್ಷಕ್ಕೂ ಮೇಲಾಗಿ ನಮ್ಮಿಬ್ಬರ ನಡುವೆ ಬಾರದಿದ್ದ ಮಾತು ಅಂದು ಬಂತು. ಅದನ್ನು ತಿಳಿಸಬೇಕಾದರೆ ನಮ್ಮ ಮನೆಯ ಕಥೆಯನ್ನು ಸ್ವಲ್ಪ ಹೇಳಬೇಕು.

1978ನೆಯ ಇಸವಿಯ ಆಷಾಢದಲ್ಲಿ ನಮ್ಮ ತಾಯಿ ತೀರಿಕೊಂಡರು. ಹಿರಿಯಳು ಆಗ ಹತ್ತನೆಯ ತರಗತಿಯಲ್ಲಿದ್ದಳು, ಕಿರಿಯಳು ಎಂಟನೆಯದರಲ್ಲಿ. ತಮ್ಮನಿಗೆ ಐದು ವರ್ಷ. ಮೂರು ದಿನದ ಜ್ವರ. ನಾಲ್ಕನೆಯ ದಿನ ಬೆಳಗ್ಗೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅಷ್ಟು ಹೇಳಿದರೆ ಸಾಕು. ತಾಯಿಯನ್ನು ಕಳೆದುಕೊಂಡವರು ಮಿಕ್ಕುದನ್ನು ಬಲ್ಲರು, ಕಳೆದುಕೊಳ್ಳದವರಿಗೆ ಹೇಳಿ ಪ್ರಯೋಜನವಿಲ್ಲ. ಕರ್ಮಾಂತರಗಳು ಮುಗಿದು, ಬಂದಿದ್ದ ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ಸೋದರತ್ತೆ ಒಬ್ಬರು ಮಾತ್ರ ಕೆಲವು ದಿನ ಉಳಿದುಕೊಂಡರು.

ನಮ್ಮ ಮನೆಯಿದ್ದುದು ಶಾಲೆಯ ಆಟದ ಬಯಲಿನ ಹಿಂಬದಿಯ ಗೋಡೆಗೆ ಹೊಂದಿಕೊಂಡು. ಆ ಕಾಲದ ವಿದ್ಯಾರ್ಥಿನಿಯರಿಗೆ ನೆನಪಿರಬಹುದು: ಗೋಡೆಯ ಆಚೆ ಹುಣಿಸೆಯ ಮರದ ಕೆಳಗೆ ಹೆಂಚಿನ ಮನೆ. ನಾವಿಬ್ಬರೂ ಥ್ರೋಬಾಲ್ ಆಡುವವರು. ಶಾಲೆಯ ತಂಡದ ಏಳು ಮಂದಿಯಲ್ಲಿ ಹಿರಿಯಳು ಒಬ್ಬಳು. ಕಿರಿಯಳು ಬೆಂಚಿನ ಮೇಲೆ ಕುಳಿತು ಯಾರಾದರೂ ಕಾಲು ಉಳುಕಿಸಿಕೊಳ್ಳಲೆಂದು ಹಾರೈಸುತ್ತಿದ್ದ ಬದಲಿ ಆಟಗಾರ್ತಿ. ಆಗಿನ ತಂಡದಲ್ಲಿ ಹಿರಿಯಳಂತೆ ಚೆಂಡು ಹಿಡಿಯುವವರು ಇನ್ನೊಬ್ಬರಿರಲಿಲ್ಲವೆಂದು ಬರೆಯುತ್ತಿರುವವಳು ಕಿರಿಯಳು. ಈ ವಾಕ್ಯವನ್ನು ತೆಗೆದುಹಾಕಬೇಕೆಂದು ಹಿರಿಯಳ ಒತ್ತಾಯ, ತೆಗೆದಿಲ್ಲ.

ಒಂದು ದಿನ ಸಂಜೆ, ಶಾಲೆ ಬಿಟ್ಟ ಮೇಲೆ, ನಾವಿಬ್ಬರೂ ಪುಸ್ತಕದ ಚೀಲಗಳನ್ನು ಮನೆಯಲ್ಲಿಟ್ಟು ಮತ್ತೆ ಬಾಗಿಲ ಹತ್ತಿರ ಬಂದು ನಿಂತೆವು. ಎಲ್ಲಿಗೆಂದು ಹೇಳಬೇಕಾಗಿರಲಿಲ್ಲ. ಸೋದರತ್ತೆಯವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, "ಏನಮ್ಮ, ಹೆತ್ತ ತಾಯಿ ಹೋಗಿ ತಿಂಗಳಾಗಲಿಲ್ಲ, ಹೆಣ್ಣುಮಕ್ಕಳು ಬಯಲಿನಲ್ಲಿ ಕುಣಿದರೆ ನಾಲ್ಕು ಜನ ಏನೆಂದಾರು?" ಎಂದರು. ಅವರು ಕೆಟ್ಟವರಲ್ಲ, ಆ ತಿಂಗಳು ನಮಗೆ ಎಣ್ಣೆ ಹಚ್ಚಿ ಜಡೆ ಹಾಕಿದವರು ಅವರೇ. ನಮ್ಮ ತಂದೆ ಮಿತಭಾಷಿಗಳು. ತಾಯಿ ಹೋದ ಮೇಲೆ ಆ ಮಿತವೂ ಕಡಮೆಯಾಗಿತ್ತು. ಅವರು ವೃತ್ತಪತ್ರಿಕೆಯನ್ನು ಮಡಿಸಿ, ಯಾರನ್ನೂ ನೋಡದೆ, "ಅಕ್ಕಯ್ಯ, ಒಬ್ಬಳಾದರೂ ಹೋಗಲಿ ಬಿಡು" ಎಂದರು.

ಒಬ್ಬಳಾದರೂ! ಅವರು ಯಾರೆಂದು ಹೇಳಲಿಲ್ಲ. ಹೇಳದಿದ್ದರೂ ಅದು ನಿಶ್ಚಯವಾಗಿತ್ತು. ತಮ್ಮನು ಹಸಿವೆಂದು ಅಳುತ್ತಿದ್ದ. ಹಿರಿಯಳು ಚಪ್ಪಲಿಯನ್ನು ಬಿಟ್ಟು ಒಳಗೆ ಹೋದಳು, ಕಿರಿಯಳು ಮೆಟ್ಟಿಲಿಳಿದು ಓಡಿದಳು. ಮರುವಾರ ತಂಡದಲ್ಲಿ ಹಿರಿಯಳ ಸ್ಥಾನವನ್ನು ತುಂಬಿದವಳೂ ಅವಳೇ.

ಆ ಸಂಜೆ ಬಯಲಿನಲ್ಲಿ ನಡೆದುದನ್ನು ಕಿರಿಯಳು ಹೇಳಬೇಕು. ಅಂದಿನ ಡ್ರಿಲ್ ಟೀಚರು ಸಂತಾಪದ ಒಂದು ಮಾತನ್ನೂ ಆಡಲಿಲ್ಲ. ಬೆಳಗಿನಿಂದ ತರಗತಿಯಲ್ಲಿ ಎಲ್ಲರೂ ಅವಳನ್ನು ಹುಷಾರಾಗಿ ನೋಡುತ್ತಿದ್ದರು, ಒಡಕು ಗಡಿಗೆಯನ್ನು ನೋಡುವಂತೆ. ಟೀಚರು ಅವಳನ್ನು ಕಂಡವರೇ ದೂರದಿಂದ ಚೆಂಡನ್ನು ಬೀಸಿ ಎಸೆದರು. ಅದು ಕೈಗೆ ತಗುಲಿ ನೆಲಕ್ಕೆ ಬಿತ್ತು. "ಕೈ ನೋಡಬೇಡ, ಚೆಂಡು ನೋಡು" ಎಂದು ಗದರಿ ಮತ್ತೆ ಎಸೆದರು. ಥ್ರೋಬಾಲ್ ಬಲ್ಲವರಿಗೆ ಗೊತ್ತು: ಬಂದ ಚೆಂಡನ್ನು ಎರಡು ಕೈಗಳಿಂದ ತಡವರಿಸದೆ ಹಿಡಿಯಬೇಕು, ಮೂರು ಸೆಕೆಂಡಿನೊಳಗಾಗಿ ಒಂದೇ ಕೈಯಿಂದ ಹಿಂದಕ್ಕೆ ಎಸೆಯಬೇಕು. ಆ ಮೂರು ಸೆಕೆಂಡಿನಲ್ಲಿ ಬೇರೆ ಯೋಚನೆಗೆ ಎಡೆಯಿಲ್ಲ. ಕತ್ತಲಾಗಿ ಚೆಂಡು ಕಾಣಿಸದಾದಾಗ ಆಟ ನಿಂತಿತು. ಕಿರಿಯಳು ನಗುನಗುತ್ತಲೇ ಬಯಲಿನ ಗೇಟನ್ನು ದಾಟಿ, ಮನೆಯ ಕಡೆಗೆ ತಿರುಗಿ, ದೀಪದ ಬೆಳಕನ್ನು ಕಂಡಾಗ ನೆನಪಾಯಿತು. ಒಂದು ಗಂಟೆಯ ಕಾಲ ಅವಳು ತಾಯಿಯನ್ನು ಮರೆತಿದ್ದಳು. ಮರೆತುದಕ್ಕಾಗಿ ಆದ ನಾಚಿಕೆ ತಾಯಿ ಹೋದ ದಿನದ ದುಃಖಕ್ಕಿಂತ ಬೇರೆ ಬಗೆಯದು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ, ಅಕ್ಕನಿಗಂತೂ ಹೇಳುವಂತೆಯೇ ಇರಲಿಲ್ಲ. ಮರುದಿನ ಮತ್ತೆ ಹೋದಳು.

ಇನ್ನು ಹಿರಿಯಳು. ಕಾದಂಬರಿಯ ಮೊದಲನೆಯ ಪುಟದಲ್ಲಿ ಅವಳು ನಿಲ್ಲಿಸೆಂದುದೇಕೆಂದರೆ, ಗೋಡೆಯ ಆಚೆಯ ಆಟವನ್ನು ಕಿವಿಯಿಂದ ಕೇಳುವುದೇನೆಂಬುದನ್ನು ಅವಳು ಬಲ್ಲವಳು. ದೋಸೆಗೆ ರುಬ್ಬುವಾಗ ಒರಳುಕಲ್ಲು ಹಿತ್ತಲ ಕಡೆಯಲ್ಲಿತ್ತು. ಸೀಟಿ ಊದಿದುದು ಕೇಳಿಸುತ್ತಿತ್ತು. ಹಿಡಿದ ಚೆಂಡಿಗೆ ಒಂದು ಸದ್ದು, ನೆಲಕ್ಕೆ ಬಿದ್ದ ಚೆಂಡಿಗೆ ಇನ್ನೊಂದು. ಅವಳು ರುಬ್ಬುತ್ತಲೇ ಎಣಿಸುತ್ತಿದ್ದಳಂತೆ: ಇದು ಹಿಡಿದದ್ದು, ಇದು ಬಿದ್ದದ್ದು. ತನ್ನ ಸ್ಥಾನದಲ್ಲಿ ನಿಂತ ತಂಗಿ ಎಷ್ಟು ಚೆಂಡುಗಳನ್ನು ಬಿಟ್ಟಳೆಂಬ ಲೆಕ್ಕ ಮನೆಗೆ ಬಂದ ತಂಗಿಗಿಂತ ಅಕ್ಕನಿಗೇ ಚೆನ್ನಾಗಿ ತಿಳಿದಿರುತ್ತಿತ್ತು. "ನೀನು ಬಿಟ್ಟಾಗ ನನಗೆ ಸಂತೋಷವಾಗುತ್ತಿತ್ತು" ಎಂದು ಅಂದು ಹಜಾರದಲ್ಲಿ ಕುಳಿತು ಹೇಳಿದಳು. ಇಷ್ಟು ವಯಸ್ಸಾದ ಮೇಲೆ! ಕಿರಿಯಳು ತನ್ನ ಒಂದು ಗಂಟೆಯ ಮರೆವಿನ ಮಾತನ್ನು ಹೇಳಿದಳು. ಆ ದಿನ ಪುಸ್ತಕ ಮುಂದುವರಿಯಲಿಲ್ಲ.

ಮುಂದಿನ ವಾರಗಳಲ್ಲಿ ಓದಿ ಮುಗಿಸಿದೆವು. ಇಷ್ಟು ಸಣ್ಣ ಪುಸ್ತಕಕ್ಕೆ ಅಷ್ಟು ದಿನ ಹಿಡಿಯಿತೆಂದರೆ ಓದುಗರು ನಗಬಹುದು, ಪುಟಕ್ಕೊಂದು ಜಗಳವಿತ್ತು. ಗೋಪಿಯ ಮನೆಯಲ್ಲಿ ಯಾರೂ ಸತ್ತವಳ ವಿಷಯವನ್ನು ನೆಟ್ಟಗೆ ಮಾತನಾಡುವುದಿಲ್ಲ. ತಂದೆಯಾದರೋ ದಿನದಿನಕ್ಕೆ ಮೌನದೊಳಕ್ಕೆ ಸರಿಯುತ್ತಾನೆ. ತಂದೆಗೂ ಮಗಳಿಗೂ ಮಾತಿಲ್ಲದೆ ಸಾಧ್ಯವಾಗುವ ಒಡನಾಟವೆಂದರೆ ಆಟ. ಒಂದೇ ಗೋಡೆಯ ಕಡೆಗೆ ಮುಖಮಾಡಿ ನಿಲ್ಲುವ ಆಟವಾದುದರಿಂದ ಒಬ್ಬರ ಮುಖವನ್ನೊಬ್ಬರು ನೋಡಬೇಕಾದ ಕಷ್ಟವೂ ಅಲ್ಲಿಲ್ಲ. ಸ್ಕ್ವಾಷನ್ನೇ ಗ್ರಂಥಕರ್ತರು ಆರಿಸಿಕೊಂಡುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅಭ್ಯಾಸದ ವೇಳೆಯಲ್ಲಿ ಗೋಪಿಯ ಜೊತೆಗಾರನಾಗುವ ಗೆಡ್ ಎಂಬ ಹುಡುಗನೂ ಮಾತು ತೊದಲುವವನು.

ಆಟವು ಶೋಕವನ್ನು ವಾಸಿಮಾಡಿತೆಂದು ಈ ಪುಸ್ತಕ ಎಲ್ಲಿಯೂ ಹೇಳುವುದಿಲ್ಲವೆಂಬುದು ನಮಗೆ ಬಹಳ ಮೆಚ್ಚಿಕೆಯಾಯಿತು. ಗೆದ್ದರೆ ದುಃಖ ಹೋಗುವ ಕಥೆಗಳನ್ನು ಸಿನಿಮಾದಲ್ಲಿ ಬೇಕಾದಷ್ಟು ಕಂಡಿದ್ದೇವೆ. ಕಡೆಯ ನಿಮಿಷದಲ್ಲಿ ಚೆಂಡು ಗುರಿಮುಟ್ಟುತ್ತದೆ, ಗೋಡೆಯ ಮೇಲಿನ ಭಾವಚಿತ್ರದಲ್ಲಿ ತಾಯಿ ನಕ್ಕಂತಾಗುತ್ತದೆ. ಇಲ್ಲಿ ಗೋಪಿ ಆಡುತ್ತ ಆಡುತ್ತ ತನ್ನ ಅಕ್ಕಂದಿರಿಂದ ದೂರವಾಗುತ್ತಾಳೆ. ಮೋನಾ ಮನೆವಾರ್ತೆಯನ್ನು ಹೊರುತ್ತಾಳೆ. ಇತ್ತ ತಂದೆಯ ಸೋದರ ಪವನನೂ ಅವನ ಹೆಂಡತಿ ರಂಜನಳೂ ಎಡಿನ್‌ಬರೋ ನಗರದಲ್ಲಿದ್ದಾರೆ, ಅವರಿಗೆ ಮಕ್ಕಳಿಲ್ಲ, ಮೂವರಲ್ಲಿ ಒಬ್ಬಳನ್ನು ತಮಗೆ ಕೊಡೆಂಬ ಮಾತು ಬರುತ್ತದೆ. ಒಬ್ಬಳನ್ನು! ಇಲ್ಲಿ ಓದುತ್ತಿದ್ದವಳು ಹಿರಿಯಳು. ಅವಳು ತಲೆಯೆತ್ತಿ ಕಿರಿಯಳನ್ನು ನೋಡಿದಳು, ಇಬ್ಬರೂ ಸುಮ್ಮನಾದೆವು. ದುಃಖ ಬಂದ ಮನೆಗಳಲ್ಲೆಲ್ಲ ಈ ಲೆಕ್ಕ ನಡೆಯುವುದೆಂದು ತೋರುತ್ತದೆ. ಕಥೆಯ ಕೊನೆಯನ್ನು ನಾವು ಇಲ್ಲಿ ಹೇಳುವುದಿಲ್ಲ. ಓದುವವರ ಸುಖವನ್ನು ಕೆಡಿಸಬಾರದು.

ಕಾದಂಬರಿಯೊಳಗೆ ಜಹಾಂಗೀರ್ ಖಾನರ ಹೆಸರು ಬರುತ್ತದೆ. ಗೋಪಿಗೆ ಅವರ ಆಟವೇ ಪಾಠ. ಪಾಕಿಸ್ತಾನದ ಈ ಮಹಾ ಆಟಗಾರರ ಚರಿತ್ರೆಯನ್ನು ತಿಳಿದರೆ ಕಾದಂಬರಿಯಲ್ಲಿ ಅವರು ಬಂದುದರ ಅರ್ಥ ಇನ್ನಷ್ಟು ಆಳವಾಗುತ್ತದೆ. ಅವರ ಅಣ್ಣ ತೋರ್ಸಂ ಖಾನರೂ ಸ್ಕ್ವಾಷ್ ಆಟಗಾರರೇ. 1979ರಲ್ಲಿ ಆಸ್ಟ್ರೇಲಿಯಾದಲ್ಲಿ ಪಂದ್ಯವೊಂದನ್ನು ಆಡುತ್ತಿರುವಾಗಲೇ ಹೃದಯಾಘಾತವಾಗಿ ತೀರಿಕೊಂಡರು. ಜಹಾಂಗೀರರಿಗೆ ಆಗ ಇನ್ನೂ ಹದಿನಾರು ತುಂಬಿರಲಿಲ್ಲ. ಆಟವನ್ನೇ ಬಿಟ್ಟುಬಿಡಬೇಕೆಂದು ಯೋಚಿಸಿದರು. ಕಡೆಗೆ ಅಣ್ಣನಿಗಾಗಿ ಆಡಬೇಕೆಂದು ನಿಶ್ಚಯಿಸಿ, ದೊಡ್ಡಪ್ಪ ಚಿಕ್ಕಪ್ಪಂದಿರ ಕಡೆಯ ಬಂಧುವಾದ ರಹಮತ್ ಖಾನರ ಕೈಕೆಳಗೆ ಅಭ್ಯಾಸಮಾಡಿ, 1981ರಲ್ಲಿ ಹದಿನೇಳನೆಯ ವಯಸ್ಸಿಗೆ ಜೆಫ್ ಹಂಟರನ್ನು ಸೋಲಿಸಿ ಜಗತ್ತಿನ ಪ್ರಶಸ್ತಿಯನ್ನು ಗೆದ್ದರು. ಅಲ್ಲಿಂದ ಮುಂದೆ 1986ರ ವರೆಗೆ, ಐದು ವರ್ಷಗಳಿಗೂ ಮಿಗಿಲಾಗಿ, ಅವರನ್ನು ಸೋಲಿಸಿದವರಿಲ್ಲ. ಅಣ್ಣನ ಪ್ರಾಣ ಹೋದುದೂ ಆಟದ ಅಂಗಳದಲ್ಲಿ, ತಮ್ಮನು ಆ ದುಃಖವನ್ನು ಹೊತ್ತು ತಿರುಗಿ ಹೋದುದೂ ಅಲ್ಲಿಗೇ. ಇದು ಕಲ್ಪನೆಯಲ್ಲ, ನಡೆದ ಸಂಗತಿ. ಕಾದಂಬರಿಯ ತಂದೆ ತನ್ನ ಮಕ್ಕಳ ಮುಂದೆ ಈ ಆಟಗಾರನನ್ನೇ ಇಟ್ಟುದು ಏಕೆಂದು ನಮಗೆ ಇದನ್ನು ತಿಳಿದ ಮೇಲೆ ಅರ್ಥವಾಯಿತು.

ಸತ್ತವರಿಗಾಗಿ ಆಡುವುದು ಇಂದಿನ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ಹಿರಿಯಳು ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿ ವಿಶ್ರಾಂತಿ ಪಡೆದವಳಾದುದರಿಂದ ಅವಳಿಗೆ ಕೂಡಲೆ ಪ್ರಾಚೀನರ ನೆನಪಾಯಿತು. ಗ್ರೀಕರ "ಇಲಿಯಡ್" ಮಹಾಕಾವ್ಯದ ಇಪ್ಪತ್ತಮೂರನೆಯ ಸರ್ಗದಲ್ಲಿ ಅಕಿಲೀಸನು ತನ್ನ ಗೆಳೆಯ ಪೆಟ್ರೋಕ್ಲಸನ ಚಿತೆ ಆರಿದ ಮೇಲೆ ರಥದ ಓಟ ಮೊದಲಾದ ಪಂದ್ಯಗಳನ್ನು ಏರ್ಪಡಿಸುತ್ತಾನೆ. ಸತ್ತವನು ಅಲ್ಲಿ ಗೆಳೆಯ. ಮನೆಯ ದುಃಖವೆಂದರೆ ರೋಮಿನ ಕವಿ ವರ್ಜಿಲನ "ಈನೀಡ್" ಕಾವ್ಯದ ಐದನೆಯ ಸರ್ಗವನ್ನು ನೋಡಬೇಕು. ಈನಿಯಸನು ತನ್ನ ತಂದೆ ಆಂಕೈಸಿಸನು ಸತ್ತ ವರ್ಷದ ದಿನ ಸಿಸಿಲಿಯ ತೀರಕ್ಕೆ ಮರಳಿ ಬಂದು, ತಂದೆಯ ಸಮಾಧಿಗೆ ಪೂಜೆ ಸಲ್ಲಿಸಿ, ಹಡಗುಗಳ ಪಂದ್ಯ, ಓಟ, ಮುಷ್ಟಿಯುದ್ಧ, ಬಿಲ್ಲುಗಾರಿಕೆಗಳನ್ನು ನಡೆಸುತ್ತಾನೆ. ವರ್ಷಾಬ್ದಿಕಕ್ಕೆ ಆಟದ ಪಂದ್ಯ! ನಮ್ಮ ಸೋದರತ್ತೆಯವರು ಕೇಳಿದ್ದರೆ ಏನೆನ್ನುತ್ತಿದ್ದರೋ. ಓಟದಲ್ಲಿ ನೈಸಸನೆಂಬುವನು ಬಲಿಪಶುಗಳ ರಕ್ತದಲ್ಲಿ ಕಾಲುಜಾರಿ ಬಿದ್ದು, ಬಿದ್ದಲ್ಲಿಂದಲೇ ಎದುರಾಳಿಗೆ ಅಡ್ಡವಾಗಿ ತನ್ನ ಗೆಳೆಯನನ್ನು ಗೆಲ್ಲಿಸುವ ಪ್ರಸಂಗವನ್ನು ಓದಿದರೆ ನಗು ಬರುತ್ತದೆ. ತಂದೆಯ ಸಮಾಧಿಯ ಹತ್ತಿರವೇ ಜನ ನಗುತ್ತಾರೆ, ತಕರಾರು ಮಾಡುತ್ತಾರೆ, ಬಹುಮಾನಕ್ಕಾಗಿ ಮುನಿಯುತ್ತಾರೆ. ಕವಿ ಅದನ್ನು ತಪ್ಪೆಂದು ಎಣಿಸುವುದಿಲ್ಲ.

ಆದರೆ ಇದೇ ಸರ್ಗದಲ್ಲಿ ಇನ್ನೊಂದು ಸಂಗತಿಯುಂಟು. ಗಂಡಸರೆಲ್ಲ ಆಟದ ಬಯಲಿನಲ್ಲಿರುವಾಗ ಹೆಂಗಸರು ಎಲ್ಲಿ? ದೂರದಲ್ಲಿ, ಸಮುದ್ರದ ದಂಡೆಯಲ್ಲಿ, ಬೇರೆಯಾಗಿ ಕುಳಿತು ಆಂಕೈಸಿಸನಿಗಾಗಿ ಅಳುತ್ತ ಕಡಲನ್ನು ನೋಡುತ್ತಿದ್ದಾರೆ. ಸತ್ತವನೊಬ್ಬನೇ, ಶೋಕವೂ ಒಂದೇ. ಗಂಡಸರಿಗೆ ಓಟ, ಹೆಂಗಸರಿಗೆ ಕಣ್ಣೀರು. ಆಗ ದೇವದೂತಿಯೊಬ್ಬಳು ಮುದುಕಿಯ ವೇಷದಿಂದ ಬಂದು ಅವರನ್ನು ಕೆರಳಿಸಲು, ಅವರು ಬೆಂಕಿಯನ್ನು ಕಿತ್ತುಕೊಂಡು ತಮ್ಮವರ ಹಡಗುಗಳಿಗೇ ಹಚ್ಚಿಬಿಡುತ್ತಾರೆ. ಮಳೆ ಬಂದು ಬೆಂಕಿಯನ್ನು ಆರಿಸುವಷ್ಟರಲ್ಲಿ ನಾಲ್ಕು ಹಡಗುಗಳು ಹೋಗಿದ್ದುವು. ಕಾಲೇಜಿನಲ್ಲಿ ಇದನ್ನು ಪಾಠ ಹೇಳುವಾಗಲೆಲ್ಲ ಹಿರಿಯಳು ದೇವತೆಯ ಕೋಪವನ್ನೂ ರೋಮಿನ ಭವಿಷ್ಯವನ್ನೂ ವಿವರಿಸುತ್ತಿದ್ದಳಂತೆ. "ಈಗ ಹೇಳುವುದಾದರೆ ಬೇರೆ ಹೇಳುತ್ತೇನೆ. ಆ ಹೆಂಗಸರಿಗೆ ಅಂದು ಕೈಗೆ ಏನೂ ಕೊಟ್ಟಿರಲಿಲ್ಲ" ಎಂದು ಅವಳ ಮಾತು.

ನಮ್ಮ ಮಹಾಭಾರತದಲ್ಲಿ ಸ್ತ್ರೀಪರ್ವವೆಂಬುದೇ ಒಂದು ಪರ್ವ. ಯುದ್ಧ ಮುಗಿದ ಮೇಲೆ ಗಾಂಧಾರಿಯೂ ಸೊಸೆಯರೂ ಕುರುಕ್ಷೇತ್ರಕ್ಕೆ ಬಂದು ತಮ್ಮ ತಮ್ಮವರನ್ನು ಹುಡುಕಿ ಗೋಳಿಡುತ್ತಾರೆ. ಕೊನೆಗೆ ಎಲ್ಲರೂ ಗಂಗೆಗೆ ಹೋಗಿ ತರ್ಪಣ ಬಿಡುತ್ತಾರೆ. ಅಳುವುದಕ್ಕೆ ಒಂದು ಪರ್ವವನ್ನೇ ಮೀಸಲಿಟ್ಟ ವ್ಯಾಸರ ಔದಾರ್ಯವನ್ನು ನಾವು ಕಡೆಗಣಿಸುವುದಿಲ್ಲ. ಅಳಬೇಕಾದವರಿಗೆ ಅಳಲು ಎಡೆ ಬೇಕೇ ಬೇಕು. ಅಳು ಬಾರದೆ ಕಾಲು ಮಾತ್ರ ಓಡಬೇಕೆನ್ನುವ ಹುಡುಗಿಯೊಬ್ಬಳಿದ್ದರೆ ಅವಳೆಲ್ಲಿಗೆ ಹೋಗಬೇಕು? ವರ್ಜಿಲನ ದಂಡೆಯಿಂದ ವೆಸ್ಟರ್ನ್ ಲೇನಿನ ಅಂಗಳಕ್ಕೆ ಬರಲು ಹೆಣ್ಣುಮಕ್ಕಳಿಗೆ ಎರಡು ಸಾವಿರ ವರ್ಷ ಹಿಡಿಯಿತೆಂದರೆ ಅತಿಶಯೋಕ್ತಿಯಾಗಲಾರದು.

ಇಷ್ಟರವರೆಗೆ ನಾವಿಬ್ಬರೂ ಒಪ್ಪುತ್ತೇವೆ. ಒಪ್ಪದಿರುವುದು ಮೋನಾಳ ವಿಷಯದಲ್ಲಿ. ಹಿರಿಯಳು ಹೇಳುವುದೇನೆಂದರೆ: ಗೋಪಿ ಆಡಿದಳು, ಆಡಿದುದನ್ನು ಬರೆದಳು, ಅಡಿಗೆಮನೆಯಲ್ಲಿದ್ದವಳ ಶೋಕಕ್ಕೆ ಪುಸ್ತಕವೆಲ್ಲಿ? ಆಟದಿಂದ ದುಃಖವನ್ನು ತಾಳಿಕೊಂಡವರ ಕಥೆಗಳಲ್ಲೆಲ್ಲ ಆಟಗಾರನ ಬಟ್ಟೆಯನ್ನು ಒಗೆದವರು ಯಾರೋ ಒಬ್ಬರು ಇರಲೇಬೇಕು. ಅವರು ಒಂದೆರಡು ಪುಟಗಳಲ್ಲಿ ಬಂದು ಹೋಗುತ್ತಾರೆ. ಕಿರಿಯಳು ಹೇಳುವುದು: ಮೋನಾಳನ್ನು ನಾವು ಮರೆಯದಂತೆ ಮಾಡಿದುದೇ ಆ ಪುಸ್ತಕ, ಗೋಪಿಯ ಕಣ್ಣು ಸದಾ ಅಕ್ಕಂದಿರ ಮೇಲೆಯೇ ಇದೆ, ಕಿರಿಯಳು ನೋಡುವುದಿಲ್ಲವೆಂದು ಹಿರಿಯರು ತಿಳಿಯುತ್ತಾರೆ, ಅಷ್ಟೆ. ಇದು ಸಾಹಿತ್ಯ ವಿಮರ್ಶೆಯೋ ಮನೆಯ ಜಗಳವೋ ಎಂದು ಓದುಗರೇ ನಿರ್ಣಯಿಸಬಹುದು.

ಸಮಾಧಾನಕ್ಕೆಂದು ಕಿರಿಯಳು ಇನ್ನೊಂದು ಪುಸ್ತಕವನ್ನು ಹುಡುಕಿ ತಂದಳು. ಅಮೆರಿಕದ ಜೇಸನ್ ರೆನಾಲ್ಡ್ಸ್ ಎಂಬ ಲೇಖಕರು ಮಕ್ಕಳಿಗಾಗಿ ಬರೆದ "ಪಟೀನಾ", 2017ರಲ್ಲಿ ಪ್ರಕಟವಾದುದು. ಅದರಲ್ಲಿನ ಹುಡುಗಿ ಓಟಗಾತಿ. ತಂದೆ ಸತ್ತಿದ್ದಾನೆ, ತಾಯಿ ಸಕ್ಕರೆ ಕಾಯಿಲೆಯಿಂದ ಎರಡು ಕಾಲುಗಳನ್ನೂ ಕಳೆದುಕೊಂಡಿದ್ದಾಳೆ. ತಾಯಿಗಿಲ್ಲದ ಕಾಲುಗಳ ಬದಲಿಗೆ ತಾನು ಓಡಬೇಕೆಂಬ ಹಟ ಮಗಳದು. ಅವಳು ಓಡುವವಳೂ ಹೌದು, ಮನೆಯನ್ನು ನೋಡಿಕೊಳ್ಳುವವಳೂ ಹೌದು. ಪುಟ್ಟ ತಂಗಿಯ ಕೂದಲನ್ನು ಸಣ್ಣ ಸಣ್ಣ ಜಡೆಗಳಾಗಿ ಹೆಣೆದು ಒಂದೊಂದಕ್ಕೂ ಮಣಿಗಳನ್ನು ಪೋಣಿಸುವ ಕೆಲಸ ಅವಳದೇ. ಎಲ್ಲವನ್ನೂ ತಾನೊಬ್ಬಳೇ ಮಾಡಬೇಕೆನ್ನುವ ಈ ಹುಡುಗಿಯನ್ನು ತರಬೇತುದಾರರು ನಾಲ್ವರು ಕೂಡಿ ಓಡುವ ರಿಲೇ ಪಂದ್ಯಕ್ಕೆ ಸೇರಿಸುತ್ತಾರೆ. ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ ಹೊಂದಲೆಂದು ಆ ಹುಡುಗಿಯರಿಂದ ಜೋಡಿನೃತ್ಯವನ್ನೂ ಮಾಡಿಸುತ್ತಾರೆ. ಹಿರಿಯಳು ಅದನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದಳು. ಬೆಳಗ್ಗೆ ಕೇಳಿದರೆ, "ಚೆನ್ನಾಗಿದೆ. ಆದರೆ ಅವಳಿಗೆ ಒಬ್ಬ ಚಿಕ್ಕಪ್ಪನೂ ಅವನ ಹೆಂಡತಿಯೂ ಇದ್ದರಲ್ಲ, ಮನೆಯಲ್ಲಿ ಕೂರಿಸಿಕೊಂಡು ಅನ್ನ ಹಾಕುವುದಕ್ಕೆ" ಎಂದಳು. ಕೇಳಿದವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ನಮ್ಮ ತಂದೆಯವರನ್ನು ಕೇಳಬಹುದಾಗಿದ್ದರೆ ಕೇಳುತ್ತಿದ್ದೆವು, ಅವರಿಲ್ಲ. "ಒಬ್ಬಳಾದರೂ" ಎಂದಾಗ ಅವರ ಮನಸ್ಸಿನಲ್ಲಿದ್ದುದು ಹಿರಿಯಳೇ ಆಗಿರಬಹುದಲ್ಲವೆ ಎಂಬ ಶಂಕೆ ಈ ವರ್ಷ ನಮಗೆ ಮೊದಲ ಬಾರಿಗೆ ಬಂತು. ತಂಡದಲ್ಲಿದ್ದವಳು ಅವಳು. ಅವರು ಮುಖವೆತ್ತಿ ನೋಡಿದ್ದರೆ ತಿಳಿಯುತ್ತಿತ್ತು. ಒಬ್ಬರ ಮುಖವನ್ನೊಬ್ಬರು ನೋಡದಿರುವುದರಿಂದ ಆಗುವ ಅನುಕೂಲವನ್ನು ಮೇಲೆ ಹೊಗಳಿದ್ದೇವೆ. ಅದರ ನಷ್ಟವೂ ಇಷ್ಟಿದೆ.

ಲೇಖನವನ್ನು ಇಲ್ಲಿಗೆ ಮುಗಿಸಬೇಕೆಂದಿದ್ದಾಗ ತಮ್ಮನೊಡನೆ ಫೋನಿನಲ್ಲಿ ಮಾತನಾಡುತ್ತ ಹೀಗೊಂದು ಬರೆಯುತ್ತಿದ್ದೇವೆಂದು ಹೇಳಿದೆವು. ಅವನಿಗೆ ತಾಯಿಯ ಮುಖವೂ ಸ್ಪಷ್ಟವಾಗಿ ನೆನಪಿಲ್ಲ. ಆ ವರ್ಷದ ಸಂಜೆಗಳಲ್ಲಿ ನಿನಗೆ ಏನು ನೆನಪಿದೆಯೆಂದು ಕೇಳಿದಾಗ ಅವನು ಸ್ವಲ್ಪವೂ ತಡಮಾಡದೆ, "ಚೆಂಡಾಟ" ಎಂದ. ಯಾರ ಚೆಂಡಾಟ? "ಅಕ್ಕ ಹಳೆಯ ಸೀರೆಯ ಚಿಂದಿಯಿಂದ ಚೆಂಡು ಕಟ್ಟಿಕೊಟ್ಟಿದ್ದಳು. ಅನ್ನ ಬೇಯುವ ತನಕ ಹಿತ್ತಲಲ್ಲಿ ನನಗೆ ಎಸೆಯುತ್ತಿದ್ದಳು. ಬಿಟ್ಟರೆ ಬೈಯುತ್ತಿದ್ದಳು: ಕೈ ನೋಡಬೇಡ, ಚೆಂಡು ನೋಡು, ಅ೦ತ. ಎಷ್ಟು ಜೋರಾಗಿ ಎಸೆಯುತ್ತಿದ್ದಳೆಂದರೆ, ಒಂದು ದಿನ ಎದೆಗೆ ಬಿದ್ದು ನಾನು ಅತ್ತೆ. ಅವಳೂ ಕೂತು ಅತ್ತಳು. ಆಮೇಲೆ ಅನ್ನ ಸೀದುಹೋಗಿತ್ತು."

ಹಿರಿಯಳಿಗೆ ಇದಾವುದೂ ನೆನಪಿಲ್ಲ. ಅನ್ನ ಸೀದುದು ಮಾತ್ರ ನೆನಪಿದೆಯಂತೆ. ಯಾವ ಸೀರೆಯೆಂದು ತಮ್ಮನನ್ನು ಕೇಳಿದಳು. ಅವನು ಹಸುರು ಎಂದ.